ತೊಟ್ಟಿನ ತನಕ ಕೆಂಪಾದ ಸ್ಟ್ರಾಬೆರಿ: ನನ್ನ ಅನುಭವ

ಸ್ಟ್ರಾಬೆರಿ ಬೆಳೆಯಲು ತೊಡಗಿದ ಮೊದಲ ಎರಡು ವರ್ಷ ನಾನು ಹಣ್ಣಿನ ಗಾತ್ರವನ್ನೇ ಗುಣಮಟ್ಟವೆಂದು ತಿಳಿದಿದ್ದೆ. ಗಿಡ ಸೊಂಪಾಗಿರಲೆಂದು ಹೂ ಬಿಡುವ ಹೊತ್ತಿನಲ್ಲಿಯೂ ಸಾರಜನಕ ಕೊಡುತ್ತಿದ್ದೆ. ಹಣ್ಣುಗಳು ದೊಡ್ಡವಾಗುತ್ತಿದ್ದವು, ಆದರೆ ಮೆತ್ತಗೆ, ನೀರುನೀರಾಗಿರುತ್ತಿದ್ದವು. ದಟ್ಟ ಎಲೆಗಳ ನಡುವೆ ಗಾಳಿಯಾಡದೆ ಬೂದು ಬೂಷ್ಟು ಹಿಡಿದು ಬುಟ್ಟಿಗಟ್ಟಲೆ ಹಣ್ಣನ್ನು ಎಸೆಯಬೇಕಾಗುತ್ತಿತ್ತು. ರಸದ ಸಿಹಿಯನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಎಂಬ ಉಪಕರಣದಲ್ಲಿ ರಸ 6 ಬ್ರಿಕ್ಸ್ (ಸಕ್ಕರೆಯಂಶದ ಅಳತೆ) ದಾಟದಿದ್ದುದನ್ನು ಕಂಡಾಗ ನಿಜಕ್ಕೂ ನೋವಾಯಿತು.

ಮೂರನೆಯ ವರ್ಷ ಸಾರಜನಕವನ್ನು ಸಸಿ ಬೇರು ಹಿಡಿದು ಎಲೆ ಬಿಡುವ ಹಂತಕ್ಕೇ ಮುಗಿಸಿ, ಹೂ ಕಂಡ ಮೇಲೆ ಮಣ್ಣು ಪರೀಕ್ಷೆಗೆ ಅನುಗುಣವಾಗಿ ಪೊಟ್ಯಾಷನ್ನು ಹನಿ ನೀರಾವರಿಯ ಮೂಲಕ ಸ್ವಲ್ಪಸ್ವಲ್ಪವಾಗಿ ಕೊಟ್ಟೆ. ಹಣ್ಣು ಒದ್ದೆ ಮಣ್ಣಿಗೆ ತಾಗದಂತೆ ಏರುಮಡಿಗಳಿಗೆ ಒಣಹುಲ್ಲು ಹಾಸಿದೆ.

ಸೊಟ್ಟ ಹಣ್ಣುಗಳ ಕಾರಣ ತಿಳಿಯಲು ಹೆಚ್ಚು ಕಾಲ ಹಿಡಿಯಿತು; ಅದನ್ನು ರೋಗವೆಂದೇ ನಾನು ಭಾವಿಸಿದ್ದೆ. ಸ್ಟ್ರಾಬೆರಿಯ ಮೈಮೇಲೆ ಬೀಜದಂತೆ ಕಾಣುವ ಪ್ರತಿಯೊಂದು ಚುಕ್ಕೆಯೂ ವಾಸ್ತವವಾಗಿ ಒಂದು ಕಿರುಹಣ್ಣು, ಮತ್ತು ಪರಾಗಸ್ಪರ್ಶವಾಗಿ ಬೀಜ ಕಟ್ಟಿದ ಚುಕ್ಕೆಯಿಂದ ಬರುವ ಆಕ್ಸಿನ್ ಎಂಬ ಹಾರ್ಮೋನಿನಿಂದಲೇ ಅದರ ಸುತ್ತಲಿನ ತಿರುಳು ಉಬ್ಬುತ್ತದೆ. ಆ ಚುಕ್ಕೆಗಳನ್ನು ಕಿತ್ತರೆ ತಿರುಳು ಬೆಳೆಯುವುದಿಲ್ಲ, ಅವುಗಳ ಬದಲಿಗೆ ಆಕ್ಸಿನ್ ಲೇಪಿಸಿದರೆ ಬೆಳೆಯುತ್ತದೆ ಎಂಬುದನ್ನು ಸಸ್ಯವಿಜ್ಞಾನಿ ಜೆ. ಪಿ. ನಿಚ್ 1950ರಲ್ಲಿಯೇ ತೋರಿಸಿಕೊಟ್ಟಿದ್ದರು. ಹಕ್ಕಿಗಳ ಕಾಟಕ್ಕೆಂದು ನಾನು ಹಾಕಿದ್ದ ಸಣ್ಣ ಕಣ್ಣಿನ ಬಲೆಯೇ ಜೇನುನೊಣಗಳನ್ನೂ ತಡೆದಿತ್ತು. ಹೂವಿನ ಕಾಲದಲ್ಲಿ ಬಲೆಯನ್ನು ಪೂರ್ತಿ ತೆಗೆದು, ಕೀಟನಾಶಕ ಸಿಂಪಡಣೆಯನ್ನೂ ನಿಲ್ಲಿಸಿದ ಮೇಲೆ ಹಣ್ಣುಗಳು ತುಂಬಿಕೊಂಡು ಬಂದವು.

ಇಷ್ಟಾದರೂ ಮುಕ್ಕಾಲು ಕೆಂಪಾದಾಗಲೇ ಕೊಯ್ಯುವ ಅಭ್ಯಾಸ ಉಳಿದಿತ್ತು. ಬಾಳೆ, ಮಾವುಗಳಂತೆ ಸ್ಟ್ರಾಬೆರಿ ಕೊಯ್ದ ಮೇಲೆ ಮಾಗುವುದಿಲ್ಲ. ಬಣ್ಣ ಗಾಢವಾಗುತ್ತದೆಯೇ ಹೊರತು ಎಲೆಗಳಿಂದ ಬರುವ ಸಕ್ಕರೆ ತೊಟ್ಟು ಕತ್ತರಿಸಿದೊಡನೆ ನಿಂತುಹೋಗುತ್ತದೆ. 100 ಗ್ರಾಂ ಹಣ್ಣಿನಲ್ಲಿ ಸುಮಾರು 60 ಮಿಲಿಗ್ರಾಂ ಇರುವ ಸಿ ಜೀವಸತ್ವವೂ ಹಣ್ಣು ಜಜ್ಜಿದರೆ, ಬಿಸಿಗೆ ಸಿಕ್ಕಿದರೆ ಬೇಗ ಕುಂದುತ್ತದೆ. ಆದ್ದರಿಂದ ಈಗ ಇಬ್ಬನಿ ಆರಿದೊಡನೆ, ಬಿಸಿಲೇರುವ ಮೊದಲು ತೊಟ್ಟು ಸಮೇತ ಕೊಯ್ದು, ತೊಳೆಯದೆ, ತೆಳುವಾಗಿ ಹರಡಿ ತಕ್ಷಣ ತಂಪಿಗೆ ಸೇರಿಸುತ್ತೇನೆ. ಪೂರ್ತಿ ಹಣ್ಣಾದದ್ದು ಕಡಿಮೆ ದಿನ ಬಾಳುವುದರಿಂದ ಎರಡು ದಿನಕ್ಕೊಮ್ಮೆ ಇದ್ದ ಕೊಯ್ಲು ಪ್ರತಿದಿನದ ಕೆಲಸವಾಗಿದೆ, ಕೂಲಿಯೂ ಹೆಚ್ಚಾಗಿದೆ; ಆದರೆ ಬ್ರಿಕ್ಸ್ 9ರ ಆಸುಪಾಸಿಗೆ ಏರಿರುವುದರಿಂದ ಆ ಖರ್ಚು ಸಾರ್ಥಕವೆಂದೇ ನನ್ನ ಅಭಿಪ್ರಾಯ. ತೊಟ್ಟಿನ ಬಳಿ ಬಿಳುಪು ಉಳಿದ ಹಣ್ಣನ್ನು ಮರುದಿನಕ್ಕೆ ಬಿಡುತ್ತೇನೆ.