ಹಬ್ಬದ ನಂತರ ಹೊಟ್ಟೆ ಹಗುರ ಮಾಡಿಕೊಳ್ಳಲು ಒಂದು ವಾರ

ದೀಪಾವಳಿ ಮುಗಿದ ವಾರ ನಾನೂ ಒಮ್ಮೆ ಜ್ಯೂಸ್ ಡಿಟಾಕ್ಸ್, ಅಂದರೆ ಬರೀ ರಸ ಕುಡಿದು ದೇಹದ ‘ವಿಷ ತೆಗೆಯುವ’ ಪಥ್ಯ, ಮಾಡಿದ್ದೆ. ದಿನಕ್ಕೆ ಆರು ಬಾಟಲಿ, ಮೂರು ದಿನ, ಊಟ ಬಂದ್. ಎರಡನೇ ದಿನ ಪಕ್ಕದ ಮನೆಯ ಒಗ್ಗರಣೆ ವಾಸನೆಗೆ ಅಳುವೇ ಬಂತು. ನಾಲ್ಕನೇ ದಿನ 2 ಕೆ.ಜಿ. ಇಳಿದಿತ್ತು. ಆ ಖುಷಿಗೆ ಬಿಸಿಬೇಳೆಬಾತ್ ಮಾಡಿ ತಿಂದೆ. ಮುಂದಿನ ಭಾನುವಾರದ ಹೊತ್ತಿಗೆ ಆ 2 ಕೆ.ಜಿ. ವಾಪಸ್.

ಇಳಿದದ್ದರಲ್ಲಿ ಬಹುಪಾಲು ಬರೀ ನೀರು. ಲಿವರ್ ಮತ್ತು ಮಾಂಸಖಂಡಗಳಲ್ಲಿ ಗ್ಲೈಕೋಜನ್ ಅಂತ ಸುಮಾರು ಅರ್ಧ ಕೆ.ಜಿ. ಪಿಷ್ಟದ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮಿಗೂ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಬಿಟ್ಟರೆ ದೇಹ ಮೊದಲು ಕೈ ಹಾಕುವುದು ಅದಕ್ಕೇ. 1 ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ಮೂರು ದಿನದಲ್ಲಿ 2 ಕೆ.ಜಿ. ಕೊಬ್ಬು ಹೋಗುವ ಮಾತೇ ಇಲ್ಲ. ಇನ್ನು ‘ವಿಷ ತೆಗೆಯುವ’ ಕೆಲಸಕ್ಕೆ ಲಿವರ್ ಇದೆ, ದಿನಕ್ಕೆ 180 ಲೀಟರಿನಷ್ಟು ಸೋಸುವ ಕಿಡ್ನಿಗಳಿವೆ. ಅವು ಹಬ್ಬಕ್ಕೂ ರಜೆ ಹಾಕುವುದಿಲ್ಲ.

ಆದರೂ ಹಬ್ಬ ಮುಗಿದ ಮೇಲೆ ಹೊಟ್ಟೆ ಹಗುರಾದರೆ ಸಾಕು ಅನ್ನಿಸುತ್ತದೆ ಅಲ್ವಾ? ಒಂದು ವಾರ ಹೀಗೆ ಮಾಡಿ ನೋಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮಾತ್ರ ಡಾಕ್ಟರನ್ನು ಕೇಳದೆ ಊಟ ಬದಲಿಸಬೇಡಿ.

1. ಡಬ್ಬಿ ತಿರುಗಿಸಿ ಓದಿ

ಮನೆಯಲ್ಲಿ ಡಿಟಾಕ್ಸ್ ಟೀ ಇದ್ದರೆ ಅದರ ಹಿಂಬದಿ ನೋಡಿ. ಸೆನ್ನಾ ಅಂತ ಇದೆಯಾ? ಅದು ನಮ್ಮ ಸೋನಾಮುಖಿ, ಭೇದಿ ಮಾಡಿಸುವ ಎಲೆ. ತಿಂದದ್ದರ ಸತ್ವದ ಬಹುಪಾಲು ಸಣ್ಣ ಕರುಳಿನಲ್ಲೇ ಹೀರಿಕೆಯಾಗಿರುತ್ತದೆ. ಸೋನಾಮುಖಿ ಕೆಲಸ ಮಾಡುವುದು ಅದಕ್ಕಿಂತ ಮುಂದೆ, ದೊಡ್ಡ ಕರುಳಿನಲ್ಲಿ. ಹೋಗುವುದು ಮಲ, ನೀರು, ಲವಣ. ಬೇಸಿಗೆ ರಜೆಯಲ್ಲಿ ಅಜ್ಜಿ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರಲ್ಲ, ಅದರಿಂದ ಯಾರಾದರೂ ತೆಳ್ಳಗಾಗಿದ್ದು ನನಗಂತೂ ನೆನಪಿಲ್ಲ.

ಸೋರೆಕಾಯಿ ಹಸಿ ರಸ ಕುಡಿಯುವವರಿಗೆ ಒಂದು ಮಾತು. ಕಾಯಿಯ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷ ಜಾಸ್ತಿ ಇದೆ ಅಂತ ಅರ್ಥ. ರಕ್ತವಾಂತಿಯಾಗಿ ಆಸ್ಪತ್ರೆ ಸೇರಿದವರಿದ್ದಾರೆ, ಸತ್ತವರೂ ಇದ್ದಾರೆ. ಕಹಿ ರಸ ಕುಡಿಯಲೇಬೇಡಿ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿಯೂ ಹೇಳಿದೆ. ‘ಕಹಿ ಇದ್ದರೆ ಆರೋಗ್ಯಕ್ಕೆ ಒಳ್ಳೇದು’ ಅನ್ನುವ ಮಾತನ್ನು ಹಾಗಲಕಾಯಿಗೆ ಮಾತ್ರ ಇಟ್ಟುಕೊಳ್ಳಿ.

2. ಸಕ್ಕರೆಗೆ ಒಂದು ಪುಟ್ಟ ಬಟ್ಟಲು

ಬೆಳಿಗ್ಗೆ ಎದ್ದ ತಕ್ಷಣ ಒಂದು ಬಟ್ಟಲಿಗೆ ಐದು ಟೀ ಚಮಚ ಸಕ್ಕರೆ ಹಾಕಿಡಿ. ಸಮ ಮಾಡಿದ ಚಮಚ, ಗೋಪುರದ ಹಾಗೆ ತುಂಬಿದ್ದಲ್ಲ. ಇಡೀ ದಿನಕ್ಕೆ ನಿಮ್ಮ ಪಾಲು ಇಷ್ಟೇ. ಬೆಲ್ಲ, ಜೇನುತುಪ್ಪ ಕೂಡ ಇದರ ಲೆಕ್ಕಕ್ಕೇ. ದಿನಕ್ಕೆ ನಾಲ್ಕು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಅಂದರೆ ಸುಮಾರು 130ರಿಂದ 160 ಕ್ಯಾಲೊರಿ ಬರೀ ಸಕ್ಕರೆಯಿಂದ. ಮಧ್ಯಾಹ್ನಕ್ಕೇ ಬಟ್ಟಲು ಖಾಲಿಯಾದರೆ ಸಂಜೆ ಸಪ್ಪೆ ಕಾಫಿ.

3. ಎಣ್ಣೆ ಪ್ಯಾಕೆಟ್ ಮೇಲೆ ತಾರೀಕು

ಹೊಸ ಪ್ಯಾಕೆಟ್ ಒಡೆದ ದಿನ ಪೆನ್ನಿನಲ್ಲಿ ತಾರೀಕು ಬರೆಯಿರಿ. ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚದಂತೆ ನಾಲ್ಕು ಜನರ ಮನೆಗೆ 1 ಲೀಟರ್ ಹನ್ನೆರಡು ದಿನ ಬರಬೇಕು. ನಮ್ಮಲ್ಲಿ ಮೊದಲ ಸಲ ಏಳನೇ ದಿನಕ್ಕೇ ಮುಗಿದಿತ್ತು. ಹಪ್ಪಳ ಕರಿದದ್ದು ಯಾರೂ ಒಪ್ಪಿಕೊಳ್ಳಲಿಲ್ಲ.

4. ತಟ್ಟೆಗೆ ಮೊದಲು ಸೊಪ್ಪು, ತರಕಾರಿ

ಅನ್ನ ಬಡಿಸುವ ಮೊದಲೇ ತಟ್ಟೆಯ ಅರ್ಧ ಭಾಗ ಪಲ್ಯ, ಕೋಸಂಬರಿಯಿಂದ ತುಂಬಲಿ. ಈ ವಾರಕ್ಕೆ ಬಸ್ಸಾರಿಗಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ. ಹುರುಳಿಕಾಳು ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ದಂಟಿನ ಸೊಪ್ಪು ಹಾಕಿ. ಬೆಂದದ್ದನ್ನು ಬಸಿದು ಕಟ್ಟು ಬೇರೆ ಇಡಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹಣ್ಣು ಮತ್ತು ಒಂದು ಹಿಡಿ ಬೆಂದ ಕಾಳು ಸೇರಿಸಿ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು, ಕಾಳಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಪಲ್ಯ. ಜೊತೆಗೆ ಮುದ್ದೆ, ಆದರೆ ಸಣ್ಣದು. ಮುದ್ದೆ ತಿಂದರೆ ತೂಕ ಇಳಿಯುತ್ತೆ ಅಂತ ಎರಡೆರಡು ನುಂಗುವವರನ್ನು ನೋಡಿದ್ದೇನೆ.

ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಒಂದು ಲೋಟ ರಸಕ್ಕೆ ಮೂರು ಮೋಸಂಬಿ ಬೇಕು, ನಾರೆಲ್ಲ ಕಸದ ಬುಟ್ಟಿಗೆ ಹೋಗುತ್ತದೆ. ಸುಮ್ನೆ ಒಂದು ಮೋಸಂಬಿ ಸುಲಿದು ತಿಂದರೆ ಅಷ್ಟಕ್ಕೇ ಹೊಟ್ಟೆ ತುಂಬುತ್ತದೆ.

5. ರಾತ್ರಿ ಎಂಟಕ್ಕೆ ಅಡುಗೆಮನೆ ಲೈಟ್ ಆಫ್

ಆಮೇಲೆ ಹಸಿವಾದರೆ ಉಪ್ಪು ಕಡಿಮೆ ಹಾಕಿದ ನೀರುಮಜ್ಜಿಗೆ. ಟಿವಿ ಮುಂದಿನ ಚಕ್ಕುಲಿ ಡಬ್ಬಿ ಅಟ್ಟದ ಮೇಲೆ.

6. ತೂಕ ಎಂಟನೇ ದಿನ

ದಿನಾ ಮೆಷಿನ್ ಹತ್ತಬೇಡಿ. ಎಂಟನೇ ದಿನ ಬೆಳಿಗ್ಗೆ, ಶೌಚ ಮುಗಿಸಿ, ಕಾಫಿಗೆ ಮುಂಚೆ, ಮೊದಲ ದಿನ ನೋಡಿದ ಮೆಷಿನ್‌ನಲ್ಲೇ ನೋಡಿ. ಅರ್ಧ ಕೆ.ಜಿ. ಇಳಿದಿದ್ದರೆ ಚೆನ್ನಾಗೇ ಆಗಿದೆ, ಇನ್ನೊಂದು ವಾರ ಮುಂದುವರಿಸಿ. ಮೂರು ಕೆ.ಜಿ. ಇಳಿದಿದೆ ಅಂತ ತೋರಿಸಿದರೆ ಮೆಷಿನ್ ಇಟ್ಟ ನೆಲ ಸಮ ಇದೆಯಾ ಅಂತ ಒಮ್ಮೆ ನೋಡಿಬಿಡಿ.