ನಿಮ್ಮ ಊರಿನ ಚಾರ್ಟರ್ ತಿದ್ದುವುದು ಹೇಗೆ? ಟೆಕ್ಸಾಸ್ ಕನ್ನಡಿಗರಿಗೆ

ಸ್ಯಾನ್ ಆಂಟೋನಿಯೋ ನಗರದ ಕೌನ್ಸಿಲ್ ಸದಸ್ಯರಿಗೆ 2015ರವರೆಗೂ ಸಿಗುತ್ತಿದ್ದದ್ದು ಸಭೆಗೆ 20 ಡಾಲರ್. 1951ರ ಚಾರ್ಟರ್‌ನಲ್ಲಿ, ಅಂದರೆ ಊರಿನ ಆಡಳಿತ ಹೇಗೆ ನಡೆಯಬೇಕು ಅಂತ ಹೇಳುವ ಮೂಲ ಕಾನೂನಿನಲ್ಲಿ, ಆ ಅಂಕಿ ಬರೆದಿತ್ತು, ಅದಕ್ಕೇ. ಅದನ್ನು ಬದಲಾಯಿಸಲು ಇಡೀ ಊರು ವೋಟು ಹಾಕಬೇಕಾಯಿತು. ಸಂಬಳವಿಲ್ಲದೆ ಬದುಕಲಾಗದವರಿಗೆ ಅಷ್ಟು ವರ್ಷ ಆ ಕುರ್ಚಿಗೆ ಬರುವುದು ಎಷ್ಟು ಕಷ್ಟವಾಗಿತ್ತು ಯೋಚಿಸಿ.

ಮೈಸೂರು, ಹುಬ್ಬಳ್ಳಿ-ಧಾರವಾಡದ ಪಾಲಿಕೆಗಳು ನಡೆಯುವುದು 1976ರ ಪೌರ ನಿಗಮಗಳ ಕಾಯ್ದೆಯ ಮೇಲೆ. ಅದರಲ್ಲಿ ಒಂದು ಪದ ಬದಲಾಗಬೇಕಾದರೂ ವಿಧಾನಸೌಧಕ್ಕೇ ಹೋಗಬೇಕು. ಟೆಕ್ಸಾಸ್‌ನಲ್ಲಿ ಹಾಗಿಲ್ಲ. 5,000ಕ್ಕಿಂತ ಜಾಸ್ತಿ ಜನ ಇರುವ ಊರು ತನ್ನ ಚಾರ್ಟರನ್ನು ತಾನೇ ಬರೆದುಕೊಳ್ಳಬಹುದು ಅಂತ 1912ರಿಂದ ರಾಜ್ಯದ ಸಂವಿಧಾನವೇ ಹೇಳುತ್ತದೆ. ಫ್ರಿಸ್ಕೋ, ಪ್ಲೇನೋ, ಅರ್ವಿಂಗ್ ಎಲ್ಲವೂ ಇಂಥ ಊರುಗಳೇ. ನಮ್ಮವರು ಅಲ್ಲಿ ಮನೆ ಕಟ್ಟಿಕೊಂಡು ತೆರಿಗೆ ಕಟ್ಟುತ್ತಿದ್ದಾರೆ, ಆದರೆ ಯಾವುದನ್ನು ತಿದ್ದಬೇಕು ಅಂತ ಸೂಚಿಸುವ ಚಾರ್ಟರ್ ಪರಿಶೀಲನಾ ಸಮಿತಿಗಳಲ್ಲಿ ಕಾಣುವುದು ಕಡಿಮೆ. ಸಮಿತಿಯಲ್ಲಿ ಇರುವವರೂ ತಿಂಗಳುಗಟ್ಟಲೆ ಒಳ್ಳೆ ಕೆಲಸ ಮಾಡಿ, ಕೊನೆಗೆ ಬ್ಯಾಲೆಟ್‌ನಲ್ಲಿ ಮತದಾರರಿಗೆ ಕೇಳುವ ಪ್ರಶ್ನೆಯ ನಾಲ್ಕು ಸಾಲು ಬರೆಯುವಾಗ ಎಡವುತ್ತಾರೆ. ಅದನ್ನು ನೋಡಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಪೂರ್ತಿ ಓದಿ

ಪ್ರಿಂಟ್ ಹಾಕಿಸಿ, ಪೆನ್ಸಿಲ್ ಹಿಡಿದು ಓದಿ. ಸ್ಕ್ರೀನ್ ಮೇಲೆ ಓದಿದರೆ ಹಳೇ ವಿಷಯ ಕಣ್ಣಿಗೆ ಬೀಳುವುದಿಲ್ಲ. ಕೆಲವು ಊರುಗಳು ವೆಬ್‌ಸೈಟಿನಲ್ಲಿ ಹಾಕುವ ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಯಾವುದಕ್ಕೂ ಬರುವುದಿಲ್ಲ, ಅದರಲ್ಲಿ ಒಂದು ಪದ ಹುಡುಕಲೂ ಆಗಲ್ಲ. ಸಿಟಿ ಸೆಕ್ರೆಟರಿಗೆ ಒಂದು ಇಮೇಲ್ ಹಾಕಿ ವರ್ಡ್ ಪ್ರತಿ ಕೇಳಿ.

ಓದುವಾಗ ಮೂರು ಥರದ ಸಾಲುಗಳಿಗೆ ಗುರುತು ಹಾಕಿ. ರಾಜ್ಯದ ಕಾನೂನು ಈಗಾಗಲೇ ಬೇರೆ ರೀತಿ ಹೇಳಿರುವುದು ಒಂದು. ವಾರ, ಗಂಟೆ, ಡಾಲರ್, ಪತ್ರಿಕೆಯ ಜಾಹೀರಾತು ಅಂತ ಗಟ್ಟಿಯಾಗಿ ಬರೆದಿಟ್ಟಿರುವುದು ಇನ್ನೊಂದು. ಮೂರನೆಯದು ಯಾರಿಗೆ ಎಷ್ಟು ಅಧಿಕಾರ ಅನ್ನುವುದು. ಮೊದಲ ಎರಡನ್ನು ಧೈರ್ಯವಾಗಿ ತಿದ್ದಿ. ಮೂರನೆಯದನ್ನು ಆಧುನೀಕರಣದ ಹೆಸರಲ್ಲಿ ಮುಟ್ಟಬೇಡಿ. ಅದು ಬೇರೆ ಚರ್ಚೆ, ಅದಕ್ಕೆ ಬೇರೆ ದಿನ ಬೇಕು.

ಪಕ್ಕದ ಊರಿನ ಚಾರ್ಟರ್ ನಕಲು ಮಾಡಿದರೆ ಸುಲಭ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಅವರ ತಪ್ಪುಗಳೂ ಜೊತೆಗೆ ಬರುತ್ತವೆ. ನ್ಯಾಷನಲ್ ಸಿವಿಕ್ ಲೀಗ್ ಅನ್ನುವ ಸಂಸ್ಥೆ 1900ರಿಂದ ಮಾದರಿ ಚಾರ್ಟರ್ ಹೊರತರುತ್ತಿದೆ, 9ನೇ ಆವೃತ್ತಿ 2021ರದ್ದು. ಅದನ್ನು ಓದಿ, ವಾಕ್ಯ ಎಷ್ಟು ಚಿಕ್ಕದಾಗಿರಬಹುದು ಅಂತ ಕಲಿಯಿರಿ. ಆದರೆ ಅದನ್ನು ಬರೆದಿರುವುದು ಇಡೀ ದೇಶಕ್ಕೆ, ಟೆಕ್ಸಾಸ್ ಕಾನೂನನ್ನು ನೋಡಿಕೊಂಡು ಅಲ್ಲ.

ಹೆಜ್ಜೆ 2: ಒಳಗೆ ಹೋಗುವ ದಾರಿ

ತಿದ್ದುಪಡಿಯನ್ನು ಕೌನ್ಸಿಲ್ ತಾನಾಗಿ ಜನರ ಮುಂದಿಡಬಹುದು. ಇಲ್ಲವೇ ಅರ್ಹ ಮತದಾರರಲ್ಲಿ ಶೇ. 5 ಅಥವಾ 20,000 ಜನ, ಯಾವುದು ಕಡಿಮೆಯೋ ಅಷ್ಟು ಸಹಿ ತಂದರೆ ಕೌನ್ಸಿಲ್ ಇಡಲೇಬೇಕು. ಆಡಳಿತದ ಕ್ರಮ ಸರಿಮಾಡಲು ಸಹಿ ಸಂಗ್ರಹದ ದಾರಿ ಹಿಡಿಯಬೇಡಿ. ಅದು ಜಗಳದ ವಿಷಯಗಳಿಗೆ. ಪರಿಶೀಲನಾ ಸಮಿತಿಗೆ ಅರ್ಜಿ ಹಾಕಿ.

ಸಿಟಿಜನ್ ಆಗಿಲ್ಲ, ನಮಗೇನು ಅಂತ ಸುಮ್ನೆ ಕೂರಬೇಡಿ. ಸಹಿಗೆ, ವೋಟಿಗೆ ಪೌರತ್ವ ಬೇಕು, ನಿಜ. ಕೌನ್ಸಿಲ್ ಸಭೆಯಲ್ಲಿ ಅಜೆಂಡಾದ ವಿಷಯದ ಮೇಲೆ ಮಾತಾಡಲು ಬೇಡ. ಎಚ್-1ಬಿ ಇದ್ದವರೂ ಹೆಸರು ಕೊಟ್ಟು ಮಾತಾಡಬಹುದು.

ಹೆಜ್ಜೆ 3: ಅಂಕಿಗಳನ್ನು ಹೊರಗೆ ಹಾಕಿ

ಟೆಂಡರ್ ವಿಷಯವನ್ನೇ ತೆಗೆದುಕೊಳ್ಳಿ. ಊರು ಸ್ಪರ್ಧಾತ್ಮಕ ಬಿಡ್ ಕರೆಯಬೇಕಾದ ಮಿತಿ ರಾಜ್ಯದ ಕಾನೂನಿನಲ್ಲಿ 50,000 ಡಾಲರ್ ಇತ್ತು. 2025ರ ಸೆಪ್ಟೆಂಬರ್ 1ರಿಂದ ಅದು 1,00,000 ಆಯಿತು. ಚಾರ್ಟರ್‌ನಲ್ಲಿ ‘50,000 ಡಾಲರ್ ಮೀರಿದ ಖರೀದಿಗೆ ಬಿಡ್ ಕರೆಯತಕ್ಕದ್ದು’ ಅಂತ ಬರೆದುಕೊಂಡ ಊರು ಈಗ ತನ್ನ ಹಳೇ ಸಾಲಿಗೇ ಸಿಕ್ಕಿಹಾಕಿಕೊಳ್ಳುತ್ತದೆ. ‘ರಾಜ್ಯದ ಕಾನೂನು ಹೇಳಿದಂತೆ’ ಅಂತ ಬರೆದ ಊರಿಗೆ ಏನೂ ಮಾಡುವ ಅಗತ್ಯವೇ ಇಲ್ಲ. ಸಭೆಯ ವಾರ, ನೋಟಿಸಿನ ರೀತಿ, ಅರ್ಜಿ ಸಲ್ಲಿಸುವ ಬಗೆ ಎಲ್ಲವನ್ನೂ ‘ಕೌನ್ಸಿಲ್ ಆರ್ಡಿನೆನ್ಸ್ ಮೂಲಕ ಗೊತ್ತುಮಾಡತಕ್ಕದ್ದು’ ಅಂತ ಬಿಡಿ. ಆರ್ಡಿನೆನ್ಸ್ ಅಂದರೆ ಇಲ್ಲಿ ಸುಗ್ರೀವಾಜ್ಞೆ ಅಲ್ಲ, ಕೌನ್ಸಿಲ್ ತಾನೇ ಮಾಡುವ ಊರಿನ ಕಾನೂನು. ಚಾರ್ಟರ್‌ಗಿಂತ ಆರ್ಡಿನೆನ್ಸ್ ತಿದ್ದುವುದು ಎಷ್ಟೋ ಸುಲಭ.

ಹೆಜ್ಜೆ 4: ಬ್ಯಾಲೆಟ್‌ನ ಮಾತು

ಎಲ್ಲರೂ ಕೆಡಿಸುವುದು ಇಲ್ಲೇ. ಇದಕ್ಕೆ ಕೊನೆಯ ಸಭೆ ಸಾಲದು, ಸಮಿತಿಯ ಅರ್ಧ ಸಮಯ ಇಲ್ಲಿಗೇ ಇಡಿ ಅಂತ ನಾನು ಹೇಳುತ್ತೇನೆ.

ಕಾನೂನು ಸ್ಪಷ್ಟವಾಗಿದೆ: ಒಂದು ತಿದ್ದುಪಡಿಯಲ್ಲಿ ಒಂದೇ ವಿಷಯ. ಮತದಾರ ಒಂದಕ್ಕೆ ಹೌದು, ಇನ್ನೊಂದಕ್ಕೆ ಬೇಡ ಅನ್ನುವ ಹಾಗಿರಬೇಕು. ಇದನ್ನು ಚೆನ್ನಾಗಿ ನೋಡಬೇಕಾದರೆ ಮತ್ತೆ ಸ್ಯಾನ್ ಆಂಟೋನಿಯೋಗೇ ಬನ್ನಿ. 2024ರ ನವೆಂಬರ್‌ನಲ್ಲಿ ಅವರು 6 ಪ್ರಸ್ತಾವ ಇಟ್ಟರು. ಹಳೇ ಭಾಷೆ ತಿದ್ದುವುದೇ ಒಂದು ಪ್ರಸ್ತಾವ, ಕೌನ್ಸಿಲ್ ಸಂಬಳ ಬೇರೆ, ನಾಲ್ಕು ವರ್ಷದ ಅವಧಿ ಬೇರೆ, ಸಿಟಿ ಮ್ಯಾನೇಜರ್ ಸಂಬಳದ ಮಿತಿ ತೆಗೆಯುವುದು ಬೇರೆ. ಆರೂ ಗೆದ್ದವು. ಸಂಬಳವನ್ನು ‘ಭಾಷಾ ತಿದ್ದುಪಡಿ’ಯೊಳಗೆ ತುರುಕಿದ್ದರೆ ಜನಕ್ಕೆ ಅನುಮಾನ ಬರುತ್ತಿತ್ತು, ಬರಬೇಕಾದ್ದೇ ಅಲ್ವಾ?

ಎರಡನೇ ವಿಷಯ, ಮುಚ್ಚುಮರೆ. ಹ್ಯೂಸ್ಟನ್ 2010ರಲ್ಲಿ ಚರಂಡಿ ಮತ್ತು ರಸ್ತೆ ಸುಧಾರಣೆಗೆ ಪ್ರತ್ಯೇಕ ನಿಧಿ ಮಾಡುವ ತಿದ್ದುಪಡಿಯನ್ನು ಬ್ಯಾಲೆಟ್‌ಗೆ ಹಾಕಿತು. ಬ್ಯಾಲೆಟ್‌ನಲ್ಲಿ ಸುಧಾರಣೆ ಇತ್ತು, ನವೀಕರಣ ಇತ್ತು, ನಿಧಿ ಇತ್ತು. ಆ ನಿಧಿಗೆ ಆಸ್ತಿ ಇದ್ದವರು ಶುಲ್ಕ ಕಟ್ಟಬೇಕು ಅನ್ನುವುದು ಮಾತ್ರ ಇರಲಿಲ್ಲ. ತಿದ್ದುಪಡಿ ಸ್ವಲ್ಪದರಲ್ಲಿ ಗೆದ್ದಿತು, ಕೇಸು ಬಿತ್ತು. 2015ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್, ಮುಖ್ಯ ಅಂಶವನ್ನೇ ಬಿಟ್ಟಿರುವ ಬ್ಯಾಲೆಟ್ ಮತದಾರರನ್ನು ದಾರಿ ತಪ್ಪಿಸುತ್ತದೆ ಎಂದಿತು. ಕೊನೆಗೆ 2018ರಲ್ಲಿ ಹ್ಯೂಸ್ಟನ್ ಜನ ಅದೇ ವಿಷಯಕ್ಕೆ ಇನ್ನೊಮ್ಮೆ ವೋಟು ಹಾಕಬೇಕಾಯಿತು.

ಹಾಗಾಗಿ ‘ಆಡಳಿತವನ್ನು ಆಧುನಿಕಗೊಳಿಸಲು’ ಅಂತ ಶುರುವಾಗುವ ಯಾವ ವಾಕ್ಯವನ್ನೂ ಒಪ್ಪಬೇಡಿ. ಅದು ಏನನ್ನೂ ಹೇಳುವುದಿಲ್ಲ. ‘ಆರ್ಡಿನೆನ್ಸ್‌ಗಳ ಪೂರ್ತಿ ಪಾಠವನ್ನು ಪತ್ರಿಕೆಯಲ್ಲಿ ಪ್ರಕಟಿಸುವ ಬದಲು, ಕಾನೂನು ಒಪ್ಪುವ ಕಡೆ ಶೀರ್ಷಿಕೆ ಮಾತ್ರ ಪ್ರಕಟಿಸಿ, ಪೂರ್ತಿ ಪಾಠವನ್ನು ನಗರದ ವೆಬ್‌ಸೈಟಿನಲ್ಲಿ ಹಾಕಲು ಚಾರ್ಟರ್ ತಿದ್ದಬೇಕೇ?’ ಅಂತ ಬರೆಯಿರಿ. ಉದ್ದವಾಯಿತು, ಆಗಲಿ. ಏನು ಹೋಗುತ್ತದೆ, ಏನು ಬರುತ್ತದೆ ಎರಡೂ ಅದರಲ್ಲಿದೆ.

ಬರೆದಾದ ಮೇಲೆ ಸಮಿತಿಯಲ್ಲಿ ಇಲ್ಲದ ಯಾರಿಗಾದರೂ ಓದಿಸಿ. ಓದಿ ಮುಗಿದ ಕೂಡಲೇ ಹಾಳೆ ಕಿತ್ತುಕೊಂಡು, ‘ಹೌದು’ ಗೆದ್ದರೆ ನಾಳೆಯಿಂದ ಏನು ಬದಲಾಗುತ್ತದೆ ಅಂತ ಕೇಳಿ. ತಡವರಿಸಿದರೆ ವಾಕ್ಯ ಸರಿಯಿಲ್ಲ ಅಂತಲೇ ಅರ್ಥ. ಆನ್‌ಲೈನ್ ಸರ್ವೆ ಇದಕ್ಕೆ ಬದಲಿ ಆಗಲ್ಲ. ಒಬ್ಬರೇ ಹತ್ತು ಸಲ ಒತ್ತಬಹುದಾದ ಪುಕ್ಕಟೆ ಸರ್ವೆಗಳನ್ನಂತೂ ದಯವಿಟ್ಟು ಬಳಸಬೇಡಿ.

ಪ್ರಸ್ತಾವಗಳು ಒಂದಕ್ಕೊಂದು ಎದುರು ಬೀಳದಂತೆಯೂ ನೋಡಿ. ಡಲ್ಲಾಸ್‌ನಲ್ಲಿ 2024ರಲ್ಲಿ ನಾಗರಿಕರ ಸಹಿಯಿಂದ ಬಂದ ಪ್ರಸ್ತಾವಗಳಿಗೆ ವಿರುದ್ಧವಾಗಿ ಕೌನ್ಸಿಲ್ ತನ್ನ ಮೂರನ್ನು ಇಟ್ಟಿತು. ಜನರಿಗೆ ಗೊಂದಲವಾಗುತ್ತದೆ ಅಂತ ಟೆಕ್ಸಾಸ್ ಸುಪ್ರೀಂ ಕೋರ್ಟ್ ಆ ಮೂರನ್ನೂ ಬ್ಯಾಲೆಟ್‌ನಿಂದ ತೆಗೆಸಿತು.

ಹೆಜ್ಜೆ 5: ದಿನಾಂಕ

ಚುನಾವಣೆ ಕರೆಯಲು ಕೊನೇ ದಿನ 78 ದಿನ ಮುಂಚೆ. 2026ರ ನವೆಂಬರ್ 3ಕ್ಕೆ ಹೋಗಬೇಕಾದರೆ ಆಗಸ್ಟ್ 17. ಮೇ ತಿಂಗಳಿಗಿಂತ ನವೆಂಬರ್ ಒಳ್ಳೆಯದು, ಜಾಸ್ತಿ ಜನ ವೋಟು ಹಾಕುತ್ತಾರೆ. ಪತ್ರಿಕೆಯ ನೋಟಿಸು ಸತತ ಎರಡು ವಾರ ಒಂದೇ ದಿನ ಬರಬೇಕು, ಅದರಲ್ಲಿ ಖರ್ಚಿನ ಅಂದಾಜೂ ಇರಬೇಕು. ಒಮ್ಮೆ ತಿದ್ದಿದ ಮೇಲೆ ಎರಡು ವರ್ಷ ಮತ್ತೆ ಮುಟ್ಟುವಂತಿಲ್ಲ. ಒಂದು ಅಡ್ಡಾದಿಡ್ಡಿ ಅಲ್ಪವಿರಾಮ ಉಳಿದರೂ ಅಲ್ಲಿಯವರೆಗೆ ಅದರ ಜೊತೆಗೇ ಇರಬೇಕು.

ಹೆಜ್ಜೆ 6: ಗೆದ್ದ ಮೇಲೆ

ಬಹುಮತ ಬಂದ ರಾತ್ರಿಯೇ ಚಾರ್ಟರ್ ಬದಲಾಗುವುದಿಲ್ಲ. ತಿದ್ದುಪಡಿ ಅಂಗೀಕಾರವಾಯಿತು ಅಂತ ಕೌನ್ಸಿಲ್ ತನ್ನ ದಾಖಲೆಯಲ್ಲಿ ಆದೇಶ ಬರೆಸಿದ ಮೇಲೆಯೇ ಜಾರಿ. ಆಮೇಲೆ ಮೇಯರ್ ನಗರದ ಮುದ್ರೆಯೊಂದಿಗೆ ಪ್ರತಿಯನ್ನು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್‌ಗೆ ಕಳಿಸಬೇಕು. ಮೂರನೇ ಹೆಜ್ಜೆಯಲ್ಲಿ ‘ಆರ್ಡಿನೆನ್ಸ್ ಮೂಲಕ’ ಅಂತ ಬಿಟ್ಟ ಪ್ರತಿಯೊಂದಕ್ಕೂ ಆರ್ಡಿನೆನ್ಸ್ ಕರಡು ಚುನಾವಣೆಗೆ ಮೊದಲೇ ತಯಾರಿರಲಿ. ಇಲ್ಲದಿದ್ದರೆ ಹಳೇ ನಿಯಮ ಹೋಗಿ ಹೊಸದು ಬರದೆ, ಅರ್ಜಿ ಹಿಡಿದು ಬಂದವರಿಗೆ ಕೌಂಟರಿನಲ್ಲಿ ಏನು ಹೇಳಬೇಕು ಅಂತ ಸಿಬ್ಬಂದಿಗೂ ಗೊತ್ತಿರುವುದಿಲ್ಲ.