ಕೌದಿ, ಕಸೂತಿ, ಕಿನ್ನಾಳ ಗೊಂಬೆ: ಫೋನಿನಲ್ಲೇ ಅಂಗಡಿ ತೆರೆಯುವುದು ಹೇಗೆ?

ಆನ್‌ಲೈನ್ ಅಂಗಡಿ ಅಂದ ಕೂಡಲೇ ಎಲ್ಲರೂ ಮೊದಲು ಕೇಳುವುದು ವೆಬ್‌ಸೈಟ್ ಬಗ್ಗೆ. ಸಾಲ ಮಾಡಿ ಸಾವಿರಾರು ರೂಪಾಯಿ ಕೊಟ್ಟು ಮಾಡಿಸುತ್ತಾರೆ. ಆಮೇಲೆ ಆರ್ಡರ್ ಬರುತ್ತದೆ ಎಂದು ಕಾಯುತ್ತಾರೆ. ಕೈಕಸುಬಿನವರು ಈ ದಾರಿ ಹಿಡಿಯಬೇಡಿ. ಮೊದಲ ವರ್ಷಕ್ಕೆ ಕೈಯಲ್ಲಿರುವ ಫೋನ್ ಸಾಕು. ಇರುವ ದುಡ್ಡನ್ನು ಪ್ಯಾಕಿಂಗ್ ಸಾಮಾನಿಗೆ ಹಾಕಿ, ಸಮಯವನ್ನು ಬೆಲೆಯ ಲೆಕ್ಕಕ್ಕೆ ಕೊಡಿ. ಈ ಎರಡು ಸರಿಯಾದರೆ ಉಳಿದದ್ದು ಕಲಿಯಬಹುದು.

ಮಾರುವ ಸರಕಿಗೆ ನಮ್ಮ ಭಾಗದಲ್ಲಿ ಬರವಿಲ್ಲ. ಕೊಪ್ಪಳದ ಹತ್ತಿರ ಕಿನ್ನಾಳದ ಗೊಂಬೆಗಳಿವೆ. ಸಂಡೂರಿನ ಲಂಬಾಣಿ ಕಸೂತಿ ಇದೆ. ಆನೆಗೊಂದಿಯಲ್ಲಿ ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುತ್ತಾರೆ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಉಳಿಯುವ ತುಂಡು ಬಟ್ಟೆಯಿಂದ ಚೆಂದದ ಚೀಲ ಹೊಲಿಯಬಹುದು. ಕೌದಿಯಂತೂ ಹಳೇ ಸೀರೆ ಇರುವ ಮನೆಯಲ್ಲೆಲ್ಲ ಹುಟ್ಟುತ್ತದೆ.

ಹತ್ತೇ ವಸ್ತುಗಳಿಂದ ಶುರು ಮಾಡಿ

ಗಿರಾಕಿ ಕೇಳಿದರೆ ಮತ್ತೆ ಮಾಡಿಕೊಡಬಲ್ಲಿರಾ? ಹಾಗೆ ಮಾಡಿಕೊಡಬಲ್ಲ ಹತ್ತು ವಸ್ತುಗಳನ್ನು ಮಾತ್ರ ಆರಿಸಿ. ಪ್ರತಿಯೊಂದರ ಉದ್ದ, ಅಗಲ, ತೂಕ, ಮಾಡಲು ಬೇಕಾಗುವ ದಿನ ಬರೆದಿಡಿ. ಕೌದಿಯಂಥವು ಒಂದರಂತೆ ಇನ್ನೊಂದು ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡಿ: ‘ಬಣ್ಣ ಸ್ವಲ್ಪ ಬೇರೆ ಇರುತ್ತದೆ’ ಎಂಬ ಒಂದು ಸಾಲು ಮುಂದಿನ ಜಗಳ ತಪ್ಪಿಸುತ್ತದೆ.

ಕಾಗದಪತ್ರ

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಸರ್ಕಾರಿ ಜಾಲತಾಣದಲ್ಲಿ ನೀವೇ ಮಾಡಿಕೊಳ್ಳಬಹುದು. ಇದಕ್ಕೆ ‘ಸರ್ಕಾರಿ ಫೀ’ ಕೇಳುವವರಿಗೆ ದುಡ್ಡು ಕೊಡಬೇಡಿ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ಪೆಹಚಾನ್ ಗುರುತಿನ ಚೀಟಿಯನ್ನೂ ಮಾಡಿಸಿಕೊಳ್ಳಿ.

ಗೊಂಬೆ ಮಾಡುವವರಿಗೆ ಈ ಚೀಟಿ ಬಹಳ ಮುಖ್ಯ. 2021ರ ಜನವರಿಯಿಂದ ದೇಶದಲ್ಲಿ ಮಕ್ಕಳ ಆಟಿಕೆ ಮಾರಲು ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ವಿಭಾಗದಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೆ ಇದರಿಂದ ವಿನಾಯಿತಿ ಇದೆ. ಜಿಐ ಟ್ಯಾಗ್, ಅಂದರೆ ಒಂದು ಊರಿನ ವಿಶೇಷ ಸರಕು ಎಂಬ ಭೌಗೋಳಿಕ ಗುರುತು ಇರುವ ಆಟಿಕೆಗೂ ವಿನಾಯಿತಿ ಇದೆ. ಆದರೆ ಅದನ್ನು ಮಾಡುವವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಕಿನ್ನಾಳ ಗೊಂಬೆಗೂ ಸಂಡೂರು ಲಂಬಾಣಿ ಕಸೂತಿಗೂ ಜಿಐ ಟ್ಯಾಗ್ ಸಿಕ್ಕಿದೆ. ಈ ಹೆಸರುಗಳನ್ನು ಯಾರು ಬೇಕಾದರೂ ಲೇಬಲ್ ಮೇಲೆ ಹಾಕಿಕೊಳ್ಳುವಂತಿಲ್ಲ. ಅಧಿಕೃತ ಬಳಕೆದಾರರ ನೋಂದಣಿ ಅರ್ಜಿಯ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ಹತ್ತು ರೂಪಾಯಿಗೆ ಇಷ್ಟು ದೊಡ್ಡ ಹೆಸರು ಸಿಗುವಾಗ ಬಿಡಬಾರದು ಅಲ್ವಾ?

ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮಾಡುವವರು, ಬುಟ್ಟಿ-ಚಾಪೆ ಹೆಣೆಯುವವರು, ದರ್ಜಿಗಳು ಇದ್ದಾರೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಸಿಗುತ್ತದೆ. ಮೊದಲ ಹಂತದಲ್ಲಿ 1 ಲಕ್ಷದವರೆಗೆ ಅಡಮಾನವಿಲ್ಲದೆ ಶೇ 5ರ ಬಡ್ಡಿಗೆ ಸಾಲವೂ ಇದೆ.

ಬೆಲೆ ಕಟ್ಟುವುದು

ನಮ್ಮ ಹೆಣ್ಣುಮಕ್ಕಳು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ‘ಮನೇಲಿ ಸುಮ್ನೆ ಕೂತಾಗ ಹೊಲಿದದ್ದು’ ಎಂದು ತಮ್ಮ ಕೂಲಿಯನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಟು ತಾಸು ಸೂಜಿ ಹಿಡಿದರೆ ಅದು ಎಂಟು ತಾಸಿನ ದುಡಿಮೆ. ಹೊಲದಲ್ಲಿ ದುಡಿದರೂ ಕೂಲಿ, ಕಟ್ಟೆ ಮೇಲೆ ಕೂತು ಹೊಲಿದರೂ ಕೂಲಿ.

ಒಂದು ಕಸೂತಿ ಚೀಲದ ಉದಾಹರಣೆ ನೋಡೋಣ. ಬಟ್ಟೆಗೆ 90, ದಾರ-ಕನ್ನಡಿಗೆ 40, ಒಳಬಟ್ಟೆ-ಜಿಪ್‌ಗೆ 50 ರೂಪಾಯಿ ಎನ್ನಿ. ಒಟ್ಟು 180. ತಾಸಿಗೆ 60ರಂತೆ ಎಂಟು ತಾಸಿಗೆ 480. ಪ್ಯಾಕಿಂಗ್‌ಗೆ 25. ಇಲ್ಲಿಗೆ 685 ಆಯಿತು. ಹಾಳಾದದ್ದು, ವಾಪಸ್ ಬಂದದ್ದು ಎಂದು 35 ಸೇರಿಸಿ, 720. ಇದರ ಮೇಲೆ 130 ರೂಪಾಯಿ ಲಾಭ ಇಟ್ಟರೆ 850. ಅಂಚೆ ಖರ್ಚು ಬೇರೆ. ಫೋನಿನಲ್ಲಿ ನೇರವಾಗಿ ಮಾರುವ ಬೆಲೆ ಇದು.

ದೊಡ್ಡ ಮಾರಾಟ ಜಾಲತಾಣದಲ್ಲಿ ಶೇ 15 ಕಮಿಷನ್ ಇದೆ ಎಂದುಕೊಳ್ಳಿ. ಹೆಚ್ಚಿನವರು 850ಕ್ಕೆ ಶೇ 15 ಕೂಡಿಸಿ 978 ಎಂದು ಹಾಕುತ್ತಾರೆ. ಆದರೆ ಅವರು ಕಮಿಷನ್ ಮುರಿದುಕೊಳ್ಳುವುದು ಆ 978ರ ಮೇಲೆ. ಕೈಗೆ ಬರುವುದು ಸುಮಾರು 831. ಸರಿಯಾದ ದಾರಿ 850ನ್ನು 0.85ರಿಂದ ಭಾಗಿಸುವುದು. ಉತ್ತರ 1,000. ಅದರಲ್ಲಿ 150 ಹೋದರೆ ನಿಮ್ಮ 850 ನಿಮಗೆ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಫೋಟೊ ಮತ್ತು ಕ್ಯಾಟಲಾಗ್

ನಮ್ಮ ಮಧ್ಯಾಹ್ನದ ಬಿಸಿಲಿಗೆ ಬಣ್ಣ ಬೆಳ್ಳಗಾಗುತ್ತದೆ, ನೆರಳು ಕಪ್ಪಗೆ ಬೀಳುತ್ತದೆ. ಬೆಳಿಗ್ಗೆ ಪಡಸಾಲೆಯ ನೆರಳಿನಲ್ಲಿ, ಬೆಳಕಿನ ಕಡೆ ಮುಖ ಮಾಡಿ ವಸ್ತು ಇಡಿ. ಹಿಂದೆ ಬಿಳಿ ಪಂಚೆ ಸಾಕು. ಕಸೂತಿಯ ಕನ್ನಡಿ ಮಿನುಗಿ ಚಿತ್ರ ಕೆಡುತ್ತದೆ, ಅದಕ್ಕೆ ಫ್ಲ್ಯಾಶ್ ಬಂದ್ ಮಾಡಿ, ಸ್ವಲ್ಪ ಓರೆಯಿಂದ ತೆಗೆಯಿರಿ. ಒಂದು ಪೂರ್ತಿ ಚಿತ್ರ, ಒಂದು ಹೊಲಿಗೆಯ ಹತ್ತಿರದ ಚಿತ್ರ, ಒಂದು ಹಿಂಬದಿ, ಒಂದು ಕೈಯಲ್ಲಿ ಹಿಡಿದದ್ದು. ಕೈ ಕಂಡರೆ ಗಾತ್ರ ತಾನಾಗಿ ಅರ್ಥವಾಗುತ್ತದೆ.

ಅಂಗಡಿ ನಂಬರಿಗೆ ಬೇರೆ ಸಿಮ್ ಇರಲಿ. ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. ಅದು ಉಚಿತ. ಅದರ ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಚಿತ್ರ, ಬೆಲೆ, ವಿವರ ಸಮೇತ ಹಾಕಬಹುದು. ಆ ಕ್ಯಾಟಲಾಗ್ ಲಿಂಕನ್ನು ಇನ್‌ಸ್ಟಾಗ್ರಾಮ್ ಪುಟದ ಮೇಲೆ ಕೊಡಿ. ಗೊಂಬೆಗೆ ಬಣ್ಣ ಹಚ್ಚುವ, ಸೂಜಿ ಓಡುವ ಅರ್ಧ ನಿಮಿಷದ ವಿಡಿಯೊ ಹಾಕಿ. ಜನ ಕೈಕೆಲಸ ನೋಡಿ ಕೊಳ್ಳುತ್ತಾರೆ. ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮೊದಲೇ ಬರೆದಿಟ್ಟುಕೊಳ್ಳಿ.

ಹಣ ಪಡೆಯುವಾಗ

ಯುಪಿಐ ಕ್ಯುಆರ್ ಕೋಡ್ ಸಾಕು. ಎರಡು ಮಾತು ನೆನಪಿರಲಿ. ಹಣ ಪಡೆಯಲು ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ‘ಮುಂಗಡ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದವರು ಕಳ್ಳರು. ಇನ್ನೊಂದು, ಸ್ಕ್ರೀನ್‌ಶಾಟ್ ನಂಬಿ ಪಾರ್ಸಲ್ ಕಳಿಸಬೇಡಿ. ನಿಮ್ಮ ಖಾತೆಗೆ ದುಡ್ಡು ಬಂದಿದೆಯೇ ನೋಡಿ. ಕ್ಯಾಶ್ ಆನ್ ಡೆಲಿವರಿ ಮೊದಲಿಗೆ ಬೇಡ. ಗಿರಾಕಿ ಬೇಡ ಎಂದು ವಾಪಸ್ ಕಳಿಸಿದರೆ ಎರಡೂ ಕಡೆಯ ಸಾಗಣೆ ಖರ್ಚು ನಿಮ್ಮ ತಲೆಗೆ ಬರಬಹುದು.

ಪಾರ್ಸಲ್ ಕಟ್ಟುವುದು

ಕಿನ್ನಾಳ ಗೊಂಬೆ ಹಗುರ ಮರದ್ದು. ಅದರ ಮೇಲೆ ಹುಣಸೆ ಬೀಜದ ಅಂಟಿನ ಲೇಪ, ಅದರ ಮೇಲೆ ಬಣ್ಣ. ಗರುಡನ ರೆಕ್ಕೆ, ದೇವರ ಕೈಗಳಂಥ ಹೊರಚಾಚಿದ ಭಾಗಗಳೇ ಮೊದಲು ಮುರಿಯುವುದು. ಟೇಪನ್ನು ಬಣ್ಣಕ್ಕೆ ತಾಗಿಸಲೇಬೇಡಿ. ಮೊದಲು ಮೆತ್ತನೆಯ ಹತ್ತಿ ಬಟ್ಟೆ ಸುತ್ತಿ. ದಿನಪತ್ರಿಕೆ ಸುತ್ತಿದರೆ ಮಸಿ ಹತ್ತುತ್ತದೆ. ಆಮೇಲೆ ಗುಳ್ಳೆ ಪ್ಲಾಸ್ಟಿಕ್, ಆಮೇಲೆ ಪೆಟ್ಟಿಗೆ. ಖಾಲಿ ಜಾಗದಲ್ಲಿ ಮುದುಡಿದ ಕಾಗದ ತುಂಬಿ, ಅಲ್ಲಾಡಿಸಿ ನೋಡಿ. ಒಳಗೆ ಸದ್ದು ಬಂದರೆ ಇನ್ನೂ ತುಂಬಬೇಕು. ಗಿರಾಕಿಗೆ ಕಳಿಸುವ ಮುಂಚೆ ದೂರದ ಊರಿನ ನೆಂಟರಿಗೆ ಒಂದು ಪಾರ್ಸಲ್ ಕಳಿಸಿ, ಬಿಚ್ಚುವಾಗ ವಿಡಿಯೊ ಮಾಡಿಸಿಕೊಳ್ಳಿ. ಈ ಪರೀಕ್ಷೆಗೆ ಹಾಕುವ ದುಡ್ಡು ಹಾಳಲ್ಲ.

ಪೆಟ್ಟಿಗೆಯ ಗಾತ್ರವನ್ನೂ ಲೆಕ್ಕ ಹಾಕಬೇಕು. ಬಹಳಷ್ಟು ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತವೆ. ನಿಜವಾದ ತೂಕಕ್ಕಿಂತ ಅದು ಜಾಸ್ತಿ ಬಂದರೆ ಅದಕ್ಕೇ ದುಡ್ಡು. 30, 25, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಅರ್ಧ ಕಿಲೋ ಗೊಂಬೆ ಇದ್ದರೂ ಲೆಕ್ಕಕ್ಕೆ 3 ಕಿಲೋ. ಕೌದಿಯನ್ನು ಬಿಗಿಯಾಗಿ ಮಡಚಿ ಕಟ್ಟಿದರೆ ಇಲ್ಲೇ ಉಳಿತಾಯವಾಗುತ್ತದೆ. ಹಳ್ಳಿಯಿಂದ ಕಳಿಸುವವರಿಗೆ ಸ್ಪೀಡ್ ಪೋಸ್ಟ್ ಒಳ್ಳೆಯ ದಾರಿ. ಟ್ರ್ಯಾಕಿಂಗ್ ನಂಬರನ್ನು ಅದೇ ದಿನ ಗಿರಾಕಿಗೆ ಕಳಿಸಿ.

ದೊಡ್ಡ ಜಾಲತಾಣಗಳು ಯಾವಾಗ?

ತಿಂಗಳಿಗೆ ಹದಿನೈದು-ಇಪ್ಪತ್ತು ಆರ್ಡರ್ ತಡವಿಲ್ಲದೆ ಕಳಿಸುವ ಅಭ್ಯಾಸವಾದ ಮೇಲೆ. ಕುಶಲಕರ್ಮಿಗಳಿಗೆ ಅಮೆಜಾನ್‌ನಲ್ಲಿ ಕಾರಿಗರ್, ಫ್ಲಿಪ್‌ಕಾರ್ಟ್‌ನಲ್ಲಿ ಸಮರ್ಥ್ ಎಂಬ ವಿಭಾಗಗಳಿವೆ. ಜವಳಿ ಸಚಿವಾಲಯದ ಇಂಡಿಯಾ ಹ್ಯಾಂಡ್‌ಮೇಡ್ ಜಾಲತಾಣ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಮೊದಲು ಅದನ್ನೇ ನೋಡಿ. 2023ರ ಅಕ್ಟೋಬರ್‌ನಿಂದ, ವರ್ಷದ ವಹಿವಾಟು 40 ಲಕ್ಷದೊಳಗೆ ಇರುವವರು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಇಂಥ ಜಾಲತಾಣಗಳ ಮೂಲಕ ರಾಜ್ಯದೊಳಗೆ ಸರಕು ಮಾರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಹೊರರಾಜ್ಯಕ್ಕೆ ಮಾರುವ ಮುಂಚೆ ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ.

ಮೊದಲ ಗಿರಾಕಿಗಳು

ಜಾಹೀರಾತಿಗೆ ದುಡ್ಡು ಸುರಿಯಬೇಡಿ. ಕೊಪ್ಪಳದ ಗವಿಮಠದ ಜಾತ್ರೆ, ಹಂಪಿ ಉತ್ಸವದಲ್ಲಿ ಮಳಿಗೆ ಹಾಕುವವರು ಕೊಂಡವರ ಕೈಗೆಲ್ಲ ಕ್ಯಾಟಲಾಗ್‌ನ ಕ್ಯುಆರ್ ಇರುವ ಚೀಟಿ ಕೊಡಿ. ಕೈಯಲ್ಲಿ ಮುಟ್ಟಿ ನೋಡಿದವರು ಮತ್ತೆ ಕೇಳುತ್ತಾರೆ. ಗೊಂಬೆಯವರಿಗೆ ದೊಡ್ಡ ಸುಗ್ಗಿ ದಸರಾ. ಮೈಸೂರು, ಬೆಂಗಳೂರಿನ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತಾರೆ, ವರ್ಷಕ್ಕೊಂದಾದರೂ ಹೊಸ ಗೊಂಬೆ ಹುಡುಕುವವರು ಅವರಲ್ಲಿ ಬಹಳ. ಶ್ರಾವಣ ಶುರುವಾಗುತ್ತಿದ್ದಂತೆ ಚಿತ್ರ ಹಾಕಿ, ಮಹಾಲಯ ಅಮಾವಾಸ್ಯೆಗೆ ಎರಡು ವಾರ ಮುಂಚೆ ಆರ್ಡರ್ ನಿಲ್ಲಿಸಿ. ಬಣ್ಣ ಪೂರ್ತಿ ಆರಲು, ಪಾರ್ಸಲ್ ತಲುಪಲು ಅಷ್ಟು ದಿನ ಬೇಕೇ ಬೇಕು.